ಓದುಗರ ಪ್ರಶ್ನೆ: ಸಹಾಯಕ ಟಿ ಕೋಶ ದಣಿಯಿತೋ, ಕೆಲಸ ಬದಲಿಸಿತೋ?

ಪ್ರಶ್ನೆ: ಪುಣೆಯಲ್ಲಿ ಇಮ್ಯುನಾಲಜಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಬಹುಕಾಲ ಉಳಿಯುವ ಸೋಂಕು ಬೇಕೆಂದು ಇಲಿಗಳಿಗೆ ಎಲ್‌ಸಿಎಂವಿ ವೈರಸ್‌ನ ಕ್ಲೋನ್ 13 ಎಂಬ ತಳಿ ಕೊಟ್ಟೆವು. ಎರಡೇ ವಾರದಲ್ಲಿ ವೈರಸ್ ಮಾಯ! ಇಂಥ ಸೋಂಕಿನಲ್ಲಿ ಸಹಾಯಕ ಟಿ ಕೋಶಗಳು (ಇತರ ರೋಗನಿರೋಧಕ ಕೋಶಗಳಿಗೆ ನೆರವಾಗುವ ಸಿಡಿ4 ಕೋಶಗಳು) ದಣಿಯುತ್ತವೆ ಎಂದು ಓದಿದ್ದೆವು, ನಮ್ಮವು ಚೆನ್ನಾಗಿಯೇ ಇವೆ. ಎಲ್ಲಿ ತಪ್ಪಿತು?
— ಓದುಗಿ, ಕೊಥ್ರೂಡ್, ಪುಣೆ

ಉತ್ತರ: ಮೊದಲು ಸೂಜಿಯನ್ನು ಅನುಮಾನಿಸಿ, ಕೋಶಗಳನ್ನಲ್ಲ. ಲ್ಯಾಬಿನ ಸಿ57ಬಿಎಲ್/6 ತಳಿಯ ಇಲಿಗೆ ಸಾಮಾನ್ಯವಾಗಿ ಕ್ಲೋನ್ 13ರ 20 ಲಕ್ಷ ಪ್ಲಾಕ್ ಘಟಕಗಳನ್ನು (ಸೋಂಕು ತಗುಲಿಸಬಲ್ಲ ವೈರಸ್‌ನ ಎಣಿಕೆ) ಬಾಲದ ರಕ್ತನಾಳಕ್ಕೇ ಕೊಡುತ್ತಾರೆ. ಸೂಜಿ ಜಾರಿ ಚರ್ಮದಡಿ ಹೋದರೆ, ಅಥವಾ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ದಾಸ್ತಾನಿನಲ್ಲಿ ಜೀವಂತ ವೈರಸ್ ಕಡಿಮೆಯಾಗಿದ್ದರೆ, ಇಲಿ ಅದನ್ನು ಬೇಗ ಒರೆಸಿಹಾಕುತ್ತದೆ. ದಾಸ್ತಾನನ್ನು ವೀರೋ ಕೋಶಗಳ (ಲ್ಯಾಬಿನಲ್ಲಿ ಬೆಳೆಸುವ ಮಂಗದ ಮೂತ್ರಪಿಂಡ ಕೋಶಗಳು) ಮೇಲೆ ಮತ್ತೊಮ್ಮೆ ಎಣಿಸಿ. ಇಲಿಯನ್ನು ದಿನಾ ತೂಗಿ: 8-10ನೇ ದಿನದ ಹೊತ್ತಿಗೆ ತೂಕ ಎದ್ದುಕಾಣುವಷ್ಟು ಇಳಿಯದಿದ್ದರೆ ಸೋಂಕು ಹಿಡಿದಿಲ್ಲವೆಂದೇ ಲೆಕ್ಕ. 8ನೇ ದಿನದ ಸೀರಮ್‌ನಲ್ಲಿ, ಬೇಗ ಹೊರಟುಹೋಗುವ ಆರ್ಮ್‌ಸ್ಟ್ರಾಂಗ್ ತಳಿ ಸಿಗುವುದಿಲ್ಲ, ಕ್ಲೋನ್ 13 ಧಾರಾಳವಾಗಿ ಸಿಗಬೇಕು.

ಸ್ಮಾರ್ಟಾ ಕೋಶಗಳನ್ನು (ಈ ವೈರಸ್ಸನ್ನೇ ಗುರುತಿಸುವಂತೆ ಮಾಡಿದ ಸಹಾಯಕ ಟಿ ಕೋಶಗಳು) ಹೊರಗಿನಿಂದ ಸೇರಿಸಿದ್ದೀರಾ? ಲಕ್ಷಗಟ್ಟಲೆ ಹಾಕಿದರೆ ಸೋಂಕಿನ ನಡೆಯೇ ಬದಲಾದೀತು. ಕೆಲವು ಸಾವಿರ ಸಾಕು.

ಇನ್ನು 'ದಣಿವು'. ಆ ಮಾತು ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಕೋಶಗಳಿಗೆ ಒಪ್ಪುತ್ತದೆ, ಸಹಾಯಕ ಕೋಶಗಳಿಗೆ ಅರ್ಧ ಮಾತ್ರ. ಅವು ಐಎಲ್-2, ಟಿಎನ್ಎಫ್ ಎಂಬ ಸಂದೇಶ ಪ್ರೋಟೀನ್‌ಗಳನ್ನು ಸ್ರವಿಸುವುದನ್ನು ಕಡಿಮೆ ಮಾಡುತ್ತವೆ, ಪಿಡಿ-1 ಎಂಬ ತಡೆಗುರುತು ಹೊರುತ್ತವೆ, ಕೋಶಗಳ ಹೋರಾಟಕ್ಕೆ ನೆರವಾಗುವ ಟಿಎಚ್1 ರೂಪ ಕುಗ್ಗುತ್ತದೆ. ಆದರೆ ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ನೆರವಾಗುವ ಟಿಎಫ್ಎಚ್ ರೂಪ ಹೆಚ್ಚುತ್ತದೆ. ಜೊತೆಗೆ ಐಎಲ್-21 ಹರಿಯುತ್ತಲೇ ಇರುತ್ತದೆ. ಅದಿಲ್ಲದೆ ಸಿಡಿ8 ಕೋಶಗಳು ಕುಸಿಯುತ್ತವೆಂದು 2009ರಲ್ಲೇ ಗೊತ್ತಾಯಿತು. ಸೋಂಕಿಗೆ ಮುಂಚೆ ಜಿಕೆ1.5 ಪ್ರತಿಕಾಯದಿಂದ ಸಿಡಿ4 (ಸಹಾಯಕ) ಕೋಶಗಳನ್ನು ತೆಗೆದರೆ, ಸುಮಾರು ಎರಡು ತಿಂಗಳಲ್ಲಿ ರಕ್ತದಿಂದ ಹೋಗಬೇಕಿದ್ದ ವೈರಸ್ ಹೋಗುವುದೇ ಇಲ್ಲ. ನಿಜಕ್ಕೂ ದಣಿದವರನ್ನು ತೆಗೆದರೆ ಇಷ್ಟು ನಷ್ಟವಾದೀತೇ?

ಟಿಎಫ್ಎಚ್ ಕಾಣುತ್ತಿಲ್ಲವೆಂದರೆ ಬಣ್ಣ ಹಾಕುವುದರಲ್ಲೂ ದೋಷವಿರಬಹುದು. ಸಿಎಕ್ಸ್‌ಸಿಆರ್5 ಟಿಎಫ್ಎಚ್ ಕೋಶದ ಮೇಲಿನ, ಮಂಕಾಗಿ ಕಾಣುವ ಗುರುತು. ಬಯೋಟಿನ್ ಅಂಟಿಸಿದ ಪ್ರತಿಕಾಯ, ಆಮೇಲೆ ಅದಕ್ಕೆ ಕಚ್ಚಿಕೊಳ್ಳುವ ಬಣ್ಣದ ಸ್ಟ್ರೆಪ್ಟಾವಿಡಿನ್ ಎಂದು ಎರಡು ಹಂತದಲ್ಲಿ ಮಾಡಿ. ಈ ವೈರಸ್ಸಿಗೇ ಮೀಸಲಾದ ಸಹಾಯಕ ಕೋಶಗಳನ್ನು ಗುರುತಿಸುವ ಜಿಪಿ66 ಟೆಟ್ರಾಮರನ್ನು ಐಸ್ ಮೇಲಲ್ಲ, 37 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡಿ.

ಪ್ರಶ್ನೆ: ಇದೇ ವೈರಸ್ ಮನೆ ಇಲಿಯಲ್ಲೂ ಇರುತ್ತದೆಯೇ?
— ಓದುಗರು, ಡೊಂಬಿವಲಿ

ಉತ್ತರ: ಇರಬಹುದು, ಅದರ ಸಹಜ ಆಶ್ರಯವೇ ಮನೆ ಇಲಿ. ಗರ್ಭಿಣಿಗೆ ತಗುಲಿದರೆ ಭ್ರೂಣಕ್ಕೆ ಅಪಾಯ, ಲ್ಯಾಬಿನಲ್ಲೂ ಗರ್ಭಿಣಿಯರು ಈ ಕೆಲಸದಿಂದ ದೂರವಿರಬೇಕು. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ, ಬ್ಲೀಚ್ ನೀರಿನಲ್ಲಿ ನೆನೆಸಿ, ಗ್ಲೌಸ್ ಹಾಕಿ ಒರೆಸಿ.