ಈ ಸಲ ಚುನಾವಣೆಗೆ ನಿಲ್ಲಬೇಡಿ, ಸಹೋದರರೇ

ಪ್ರಶ್ನೆ: ನನಗೆ 47 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. 6 ವರ್ಷದಿಂದ ನಾನೇ ಸಭೆಯ ಸೆಕ್ರೆಟರಿ. ಚರ್ಚಿನ ಹೊಸ ಹಾಲ್ ಕಟ್ಟಿಸಿದ್ದು ನಮ್ಮ ಕಮಿಟಿ. ಮುಂದಿನ ತಿಂಗಳು ಮತ್ತೆ ಚುನಾವಣೆ. ನೀವು ನಿಲ್ಲದಿದ್ದರೆ ಎದುರು ಗುಂಪಿನವರು ಬಂದುಬಿಡ್ತಾರೆ ಎಂದು ನಮ್ಮವರು ಒತ್ತಾಯ ಮಾಡುತ್ತಿದ್ದಾರೆ. ಇತ್ತ ಸೆಕೆಂಡ್ ಪಿಯು ಓದುತ್ತಿರುವ ಮಗ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಾನೆ. ಕೇಳಿದರೆ, "ನೀವು ಚರ್ಚಲ್ಲಿ ಒಂಥರಾ, ಮನೇಲಿ ಒಂಥರಾ. ಅಲ್ಲಿ ಬಂದು ನಿಮ್ಮನ್ನ ನೋಡೋಕೆ ನನ್ನ ಕೈಲಾಗಲ್ಲ" ಅಂದ. ಹೆಂಡತಿ ಏನೂ ಹೇಳುವುದಿಲ್ಲ. ದಿನಾ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅವನ ಹೆಸರು ಹಿಡಿದು ಬೇಡಿಕೊಳ್ಳುತ್ತೇನೆ. ಅವನು ಅರ್ಧದಲ್ಲೇ ಎದ್ದು ರೂಮಿಗೆ ಹೋಗುತ್ತಾನೆ. ಮೊನ್ನೆ ಗಂಡಸರ ಕೂಟದಲ್ಲಿ, ಕ್ರೈಸ್ತ ಗಂಡಸು ತನ್ನ ಮನೆಗೆ ಯಾಜಕ, ಅವನು ಬಿಟ್ಟುಹೋಗುವ ವಿಶ್ವಾಸವೇ ಮಕ್ಕಳಿಗೆ ಆಸ್ತಿ ಎಂದು ಪ್ರಸಂಗ ಮಾಡಿದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ನಾನು ನಿಲ್ಲಬೇಕಾ, ಬೇಡವಾ? ಕರ್ತನ ಕೆಲಸ ಬಿಟ್ಟರೆ ತಪ್ಪಲ್ಲವೇ?
– ಹೆಸರು ಬೇಡ, ಟಿ. ದಾಸರಹಳ್ಳಿ

ಪ್ರಿಯ ಸಹೋದರರೇ,

ನಿಲ್ಲಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಒತ್ತಾಯ ಮಾಡುವವರು ನಿಮ್ಮ ಮನೆ ಬಾಗಿಲಿಗೇ ಬಂದಿದ್ದಾರೆ. ಇದು ನಿಮಗೆ ಶಿಕ್ಷೆ ಅಲ್ಲ. ನೀವು ಸೆಕ್ರೆಟರಿ ಕೆಲಸ ಚೆನ್ನಾಗಿ ಮಾಡಿಲ್ಲ ಅಂತಲೂ ಅಲ್ಲ. ನಿಮ್ಮ ಮಗನಿಗೆ ಪರೀಕ್ಷೆ ಹತ್ತಿರ ಬರುತ್ತಿದೆ. ಆಮೇಲೆ ಸಿಇಟಿ, ಕಾಲೇಜು, ಬಹುಶಃ ಹಾಸ್ಟೆಲ್. ರಾತ್ರಿ ಊಟಕ್ಕೆ ಅವನು ನಿಮ್ಮ ಎದುರಿಗೆ ಕೂರುವ ದಿನಗಳು ಇನ್ನು ಜಾಸ್ತಿ ಇಲ್ಲ. ಆ ರಾತ್ರಿಗಳನ್ನು ಕಮಿಟಿಗೆ ಕೊಟ್ಟುಬಿಟ್ಟರೆ ವಾಪಸ್ ಸಿಗುವುದಿಲ್ಲ.

ನಿಮ್ಮ ಪತ್ರ ಇಲ್ಲಿ ಅಚ್ಚಾಗಿರುವುದಕ್ಕಿಂತ ಉದ್ದವಿತ್ತು. ಹಾಲ್‌ಗೆ ಹಣ ಹೇಗೆ ಹೊಂದಿಸಿದಿರಿ, ಯಾರು ಅಡ್ಡಗಾಲು ಹಾಕಿದರು, ಪ್ಲಾನ್ ಎಲ್ಲಿ ನಿಂತುಹೋಗಿತ್ತು, ಎಲ್ಲ ಬರೆದಿದ್ದೀರಿ. ಮಗನ ಬಗ್ಗೆ ಬರೆದದ್ದು ಅವನು ಚರ್ಚಿಗೆ ಬರುವುದಿಲ್ಲ, ಪ್ರಾರ್ಥನೆಯಿಂದ ಎದ್ದು ಹೋಗುತ್ತಾನೆ ಅನ್ನುವುದಷ್ಟೇ. ಅವನಿಗೆ ಯಾವ ಸಬ್ಜೆಕ್ಟ್ ಕಷ್ಟ, ಅವನ ಸ್ನೇಹಿತರು ಯಾರು, ಯಾವಾಗಿಂದ ಹೀಗೆ ಮೌನವಾದ, ಒಂದು ಸಾಲೂ ಇಲ್ಲ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಒಮ್ಮೆ ಪತ್ರವನ್ನು ನೀವೇ ಓದಿ ನೋಡಿ.

ಅವನು ಆಡಿದ ಮಾತನ್ನೂ ಇನ್ನೊಮ್ಮೆ ಕೇಳಿಸಿಕೊಳ್ಳಿ. ದೇವರಿಲ್ಲ ಎಂದು ಅವನು ಹೇಳಿಲ್ಲ. ಬೈಬಲ್ ಸುಳ್ಳು ಎಂದಿಲ್ಲ. ಅಲ್ಲಿ ನಿಮ್ಮನ್ನ ನೋಡೋಕೆ ಆಗಲ್ಲ ಎಂದಿದ್ದಾನೆ. ವಿಶ್ವಾಸವನ್ನು ಸುಮ್ನೆ ಒಂದು ಪದ್ಧತಿ ಅಂದುಕೊಂಡಿದ್ದರೆ ಅವನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅಪ್ಪ ಹೇಳುವುದು ನಿಜವಾಗಿರಬೇಕು ಎಂದು ಅವನಿಗೆ ಆಸೆ ಇದೆ. ನನಗೆ ಅದರಲ್ಲಿ ಬಹಳ ಭರವಸೆ ಕಾಣುತ್ತದೆ.

ನಿಮ್ಮಂಥ ಎಷ್ಟೋ ಮನೆಗಳ ಭಾನುವಾರವನ್ನು ನಾನು ಕಂಡಿದ್ದೇನೆ. ಆರಾಧನೆ ಮುಗಿದ ಮೇಲೆ ಸೆಕ್ರೆಟರಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಕುಲುಕಿ, ಅಜ್ಜಿಯರನ್ನು ಮೆಟ್ಟಿಲು ಇಳಿಸಿ, ನಗುನಗುತ್ತಾ ಮಾತಾಡುತ್ತಾರೆ. ಆಮೇಲೆ ವೆಸ್ಟ್ರಿಯಲ್ಲಿ, ಅಂದರೆ ಚರ್ಚಿನ ಪಕ್ಕದ ಕೋಣೆಯಲ್ಲಿ, ಮೀಟಿಂಗ್. ಹೆಂಡತಿ ಮಗ ಹೊರಗೆ ಗಾಡಿ ಪಕ್ಕದಲ್ಲಿ ಕಾಯುತ್ತಾರೆ. ಒಂದು ಗಂಟೆ ಆಗುತ್ತದೆ, ಎರಡಾಗುತ್ತದೆ. ಒಳಗೆ ನಡೆದ ಜಗಳದ ಬಿಸಿ ಹೊತ್ತುಕೊಂಡು ಹೊರಬಂದವರು ಮನೆಗೆ ಹೋದ ಕೂಡಲೇ ಸಾರಿಗೆ ಉಪ್ಪು ಜಾಸ್ತಿ ಎಂದು ರೇಗುತ್ತಾರೆ. ಸಭೆಗೆ ಗೊತ್ತಿರುವುದು ಮೊದಲನೇ ಭಾಗ. ಮಗನಿಗೆ ಎರಡೂ ಗೊತ್ತು.

ಈಗ ಪ್ರಾರ್ಥನೆಯ ವಿಷಯ. ನನ್ನನ್ನು ಹೆಚ್ಚು ಕಾಡಿದ್ದು ಅದೇ. ಅವನ ಹೆಸರು ಹಿಡಿದು ಬೇಡಿಕೊಳ್ಳುತ್ತೇನೆ ಎಂದಿದ್ದೀರಿ. ಅವನು ಅಲ್ಲೇ, ನಿಮ್ಮ ಪಕ್ಕದಲ್ಲೇ ಕೂತಿರುತ್ತಾನೆ. "ಕರ್ತನೇ, ದಾರಿ ತಪ್ಪುತ್ತಿರುವ ಈ ಮಗನಿಗೆ ಬುದ್ಧಿ ಕೊಡು, ಫೋನಿನ ಚಟ ಬಿಡಿಸು, ತಂದೆ ತಾಯಿಗೆ ವಿಧೇಯನಾಗುವಂತೆ ಮಾಡು." ಹೀಗೇ ಇರುತ್ತದೆ ಅಲ್ವಾ? ಅದು ದೇವರಿಗೆ ಹೇಳಿದ್ದಲ್ಲ, ಮಗನಿಗೆ ಹೇಳಿದ್ದು. ಬೈದರೆ ಅವನು ಎದುರು ಮಾತಾಡಬಹುದು. ಕಣ್ಣು ಮುಚ್ಚಿ ಕೈಜೋಡಿಸಿ ಬೈದರೆ ಅವನಿಗೆ ಬಾಯಿ ತೆರೆಯಲು ದಾರಿಯೇ ಇಲ್ಲ. ಎದ್ದು ಹೋಗುವುದೊಂದೇ ಉಳಿಯುತ್ತದೆ. ಅವನು ಎದ್ದು ಹೋಗುತ್ತಿರುವುದು ದೇವರಿಂದ ಅಂದುಕೊಳ್ಳಬೇಡಿ. ತಂದೆಗಳೇ, ಮಕ್ಕಳ ಮನಸ್ಸು ಕುಗ್ಗುವ ಹಾಗೆ ಅವರನ್ನು ಕೆಣಕಬೇಡಿ ಎಂದು ಅಪೊಸ್ತಲ ಪೌಲನು ಕೊಲೊಸ್ಸೆಯ ಸಭೆಯವರಿಗೆ ಬರೆದ. ಪ್ರಾರ್ಥನೆಯಲ್ಲೂ ಕೆಣಕಬಹುದು.

ಇವತ್ತಿನಿಂದ ಅವನ ಬಗ್ಗೆ ಮಾಡುವ ಪ್ರಾರ್ಥನೆಯನ್ನು ನಿಮ್ಮ ರೂಮಿನಲ್ಲಿ, ಒಬ್ಬರೇ ಇದ್ದಾಗ ಮಾಡಿ. ಕುಟುಂಬ ಪ್ರಾರ್ಥನೆ ಐದು ನಿಮಿಷ ಸಾಕು. ಒಂದು ಕೀರ್ತನೆ ಓದಿ, ಕರ್ತನ ಪ್ರಾರ್ಥನೆ ಹೇಳಿ, ಮುಗಿಸಿ. ಕೆಲವು ದಿನ ನಿಮ್ಮ ಹೆಂಡತಿ ನಡೆಸಲಿ. ಮಗನ ಮುಂದೆ ಬಾಯಿಬಿಟ್ಟು ಯಾರದಾದರೂ ತಪ್ಪು ಒಪ್ಪಿಸಬೇಕು ಅನ್ನಿಸಿದರೆ ನಿಮ್ಮದನ್ನು ಒಪ್ಪಿಸಿ. ಮನೆಗೆ ಯಾಜಕ ಎನ್ನುವ ಪ್ರಸಂಗ ಕೇಳಿ ನಿದ್ದೆಗೆಟ್ಟಿದ್ದೀರಲ್ಲ, ಬೈಬಲಿನ ಯಾಜಕಕಾಂಡದ 16ನೇ ಅಧ್ಯಾಯ ತೆಗೆದು ನೋಡಿ. ದೋಷಪರಿಹಾರದ ದಿನ ಮಹಾಯಾಜಕ ಆರೋನನು ಜನರಿಗಾಗಿ ಬಲಿ ಕೊಡುವ ಮೊದಲು ತನಗಾಗಿ, ತನ್ನ ಮನೆಯವರಿಗಾಗಿ ಹೋರಿಯನ್ನು ಅರ್ಪಿಸಬೇಕಿತ್ತು. ಯಾಜಕನ ಕೆಲಸ ಶುರುವಾಗುವುದು ಅಲ್ಲಿಂದ. ಗಂಡಸರ ಕೂಟಗಳಲ್ಲಿ ಅಧಿಕಾರದ ಬಗ್ಗೆ ಕೇಳಿಸುವಷ್ಟು ಈ ಭಾಗ ಕೇಳಿಸುವುದಿಲ್ಲ. ಕೇಳಿಸಬೇಕು.

ಕರ್ತನ ಕೆಲಸ ಬಿಟ್ಟ ಹಾಗಾಗಲ್ವಾ ಎಂದು ಕೇಳಿದ್ದೀರಿ. ವಿಮೋಚನಕಾಂಡದ 18ನೇ ಅಧ್ಯಾಯ ನಿಮಗೆ ಬಾಯಿಪಾಠವೇ ಇರಬೇಕು, ಕಮಿಟಿಗಳಲ್ಲಿ ಎಲ್ಲರೂ ಅದನ್ನು ಎತ್ತುತ್ತಾರೆ. ಇಸ್ರಾಯೇಲ್ಯರ ನಾಯಕ ಮೋಶೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಮಾವ ಇತ್ರೋ ನೋಡಿ, ನೀನು ಹೀಗೆ ಮಾಡಿದರೆ ಬಳಲಿ ಹೋಗುತ್ತೀಯ, ಕೆಲಸ ಹಂಚು ಎಂದ. ಆ ಕಥೆಯ ಮೊದಲ ಸಾಲುಗಳನ್ನು ಮಾತ್ರ ನಾವು ಬಿಟ್ಟುಬಿಡುತ್ತೇವೆ. ಇತ್ರೋ ಅಲ್ಲಿಗೆ ಬಂದದ್ದು ಆಡಳಿತದ ಸಲಹೆ ಕೊಡಲು ಅಲ್ಲ. ತವರಿನಲ್ಲಿದ್ದ ಮಗಳು ಚಿಪ್ಪೋರಳನ್ನೂ ಅವಳ ಇಬ್ಬರು ಗಂಡುಮಕ್ಕಳನ್ನೂ ಗಂಡನ ಹತ್ತಿರ ಬಿಡಲು ಬಂದದ್ದು. ಮೋಶೆ ಮಾವನಿಗೆ ಅಡ್ಡಬಿದ್ದ, ಮುದ್ದಿಟ್ಟ, ಯೋಗಕ್ಷೇಮ ಕೇಳಿದ, ದೇವರು ಮಾಡಿದ್ದನ್ನೆಲ್ಲ ವಿವರಿಸಿದ. ಹೆಂಡತಿ ಮಕ್ಕಳ ಹತ್ತಿರ ಏನು ಮಾತಾಡಿದ ಅನ್ನುವುದು ಅಲ್ಲಿಲ್ಲ. ಮಾರನೇ ದಿನ ಬೆಳಿಗ್ಗೆಯೇ ಮತ್ತೆ ಕೆಲಸಕ್ಕೆ ಕೂತ. ಮಾವನ ಕಣ್ಣಿಗೆ ಅದು ಬಿದ್ದದ್ದು ಆಗ. ನಾನು ಓದುವುದು ಹೀಗೆ: ಆ ಮುದುಕನ ಮನಸ್ಸಿನಲ್ಲಿ ಇಸ್ರಾಯೇಲ್ಯರ ಜೊತೆಗೆ ಮೊಮ್ಮಕ್ಕಳೂ ಇದ್ದರು. ಮೋಶೆ ಕರ್ತನ ಕೆಲಸ ಬಿಡಲಿಲ್ಲ. ಎಲ್ಲವನ್ನೂ ತಾನೇ ಮಾಡುವುದನ್ನು ಬಿಟ್ಟ.

ಇನ್ನು ಹಿರಿಯರ ಕೆಲಸಕ್ಕೆ ಯಾರು ತಕ್ಕವರು ಎಂದು ಹೇಳುವಾಗ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯ, ಸ್ವಂತ ಮನೆಯನ್ನು ನಡೆಸಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಕೇಳುತ್ತದೆ. ಇದನ್ನು ನಿಮ್ಮ ತಲೆ ಮೇಲೆ ಹೊಡೆಯಲು ಬಳಸುತ್ತಿಲ್ಲ. ಮಗ ಚರ್ಚಿಗೆ ಬರದ ಪ್ರತಿ ಅಪ್ಪನೂ ಸೋತವನಲ್ಲ. ಪ್ರವಾದಿ ಸಮುವೇಲನ ಮಕ್ಕಳೇ ಲಂಚ ತಿಂದರು. ಆದರೆ ನಿಮ್ಮ ಮನೆಯಲ್ಲಿ ನಿಮಗೆ ಕೆಲಸ ಇದೆ, ಮತ್ತು ಅದೂ ಕರ್ತನ ಕೆಲಸವೇ.

ನಿಮ್ಮ ಹೆಂಡತಿ ಏನೂ ಹೇಳುವುದಿಲ್ಲ ಎಂದಿದ್ದೀರಿ. ಏನೂ ಹೇಳದೆ ಇರುವುದಕ್ಕೆ ಅವರಿಗೆ ಎಷ್ಟು ವರ್ಷ ಹಿಡಿಯಿತೋ! ಮಗನ ಜೊತೆ ಮಾತಾಡುವ ಮೊದಲು ಅವರ ಜೊತೆ ಮಾತಾಡಿ. ಸಲಹೆ ಕೇಳಬೇಡಿ, ಅವರಿಗೆ ಹೇಗಿತ್ತು ಎಂದು ಕೇಳಿ. ಕೇಳಿ ಸುಮ್ಮನಿರಿ. ಅವರು ಅತ್ತರೆ ನಿಮ್ಮ ಪರ ವಾದಿಸಬೇಡಿ. ಮತ್ತೊಂದು ಮಾತು. ನೀವು ಮೀಟಿಂಗಿನಲ್ಲಿದ್ದ ಸಂಜೆಗಳಲ್ಲಿ ಆ ಮನೆಯಲ್ಲಿ ಪ್ರಾರ್ಥನೆ ಮಾಡಿದವರು, ಮಗನಿಗೆ ಬೈಬಲ್ ಕಥೆ ಹೇಳಿದವರು ಬಹುಶಃ ಅವರೇ. ತಿಮೊಥೆಯನಿಗೆ ವಿಶ್ವಾಸ ಬಂದದ್ದು ಅಜ್ಜಿ ಲೋವಿಯಿಂದ, ತಾಯಿ ಯೂನಿಕೆಯಿಂದ ಎಂದು ಪೌಲನೇ ನೆನಪಿಸುತ್ತಾನೆ. ಹಾಗಾಗಿ ಯಜಮಾನ ವಾಪಸ್ ಬಂದ ಅನ್ನುವ ಹಾಗೆ ಒಂದೇ ದಿನದಲ್ಲಿ ಎಲ್ಲವನ್ನೂ ಕೈಗೆ ತೆಗೆದುಕೊಳ್ಳಬೇಡಿ. ಅವರು ಇಷ್ಟು ದಿನ ನಡೆಸಿಕೊಂಡು ಬಂದದ್ದಕ್ಕೆ ಮೊದಲು ಕೈಜೋಡಿಸಿ.

ಮಗನಿಗೆ ಕ್ಷಮೆ ಕೇಳುವುದು ಗಂಡಸರಿಗೆ ತುಂಬಾ ಕಷ್ಟ. ನಮ್ಮ ಅಪ್ಪಂದಿರು ಕೇಳಿದ್ದನ್ನು ನಾವು ನೋಡಿಲ್ಲ. ಅದಕ್ಕೇ ಚಿಕ್ಕದಾಗಿ ಮಾಡಿ. ಗಾಡಿಯಲ್ಲಿ ಹೋಗುವಾಗಲೋ, ಇಬ್ಬರೂ ಟೀ ಕುಡಿಯುವಾಗಲೋ ಹೇಳಿ. "ನೀನು ಹೇಳಿದ್ದು ಸರಿ ಕಣೋ. ಅವತ್ತು ಚರ್ಚ್ ಗೇಟ್ ಹತ್ತಿರ ಎಲ್ಲರೆದುರು ನಿನಗೆ ಬೈದೆ. ಅದು ತಪ್ಪು." ನಡೆದ ಒಂದು ಘಟನೆಯನ್ನೇ ಹೆಸರಿಸಿ. 'ಏನಾದರೂ ತಪ್ಪಾಗಿದ್ದರೆ' ಅನ್ನಬೇಡಿ. 'ಆದರೆ ನೀನೂ' ಎಂದು ಮುಂದುವರಿಸಬೇಡಿ. ಮುಖ್ಯವಾಗಿ, ಬರುವ ಭಾನುವಾರ ಚರ್ಚಿಗೆ ಬರ್ತೀಯಾ ಎಂದು ಅದರ ಬಾಲಕ್ಕೆ ಕಟ್ಟಬೇಡಿ. ಅವನು 'ಸರಿ' ಎಂದು ಫೋನ್ ನೋಡಬಹುದು. ನೋಡಲಿ. ಮಾತು ಕಿವಿಗೆ ಬಿದ್ದಿರುತ್ತದೆ.

ಅವನನ್ನು ಬಲವಂತವಾಗಿ ಚರ್ಚಿಗೆ ಎಳೆಯಬೇಡಿ. ನೀವು ಹೋಗಿ. ಕಮಿಟಿಯವರ ಜೊತೆ ಹಿಂದೆ ಓಡಾಡದೆ ಹೆಂಡತಿ ಪಕ್ಕದಲ್ಲಿ ಬೆಂಚಿನಲ್ಲಿ ಕೂತು ಹಾಡಿ, ಆರಾಧನೆ ಮುಗಿದ ಕೂಡಲೇ ಮನೆಗೆ ಬನ್ನಿ. ಅವನು ಬೇರೆ ಕಡೆ ಇಂಗ್ಲಿಷ್ ಆರಾಧನೆಗೋ ಯುವಜನರ ಕೂಟಕ್ಕೋ ಹೋಗ್ತೀನಿ ಎಂದರೆ ಹೋಗಲಿ. ಬೆಂಗಳೂರಿನ ನಮ್ಮ ಕನ್ನಡ ಸಭೆಗಳಿಗೆ ಇದು ದೊಡ್ಡ ಸಂಕಟ, ನನಗೂ ನೋವಿದೆ. ಆದರೆ ಸಭೆಯ ಸಂಖ್ಯೆ ಉಳಿಸುವ ಹೊಣೆಯನ್ನು ನಿಮ್ಮ ಮಗನ ಹೆಗಲಿಗೆ ಹಾಕಬೇಡಿ. ನಿದ್ದೆ, ಊಟ, ಓದು ಮೂರೂ ಕೆಟ್ಟಿವೆ ಅನ್ನಿಸಿದರೆ ಮಾತ್ರ ಇದನ್ನು ವಿಶ್ವಾಸದ ವಿಷಯ ಎಂದು ಬಿಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳಿಗೆ ಏನು ಬಿಟ್ಟುಹೋಗುತ್ತೇನೆ ಅನ್ನುವ ಚಿಂತೆಗೆ ಬರೋಣ. ಅವೆನ್ಯೂ ರೋಡಿನ ರೈಸ್ ಸ್ಮಾರಕ ಚರ್ಚನ್ನು ನೀವು ನೋಡಿಯೇ ಇರುತ್ತೀರಿ. ಅದಕ್ಕೆ ಯಾರ ಹೆಸರಿದೆಯೋ ಆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನವರು, ಬೆಂಗಳೂರಿನಲ್ಲೇ ಜೀವನ ಸವೆಸಿದರು. ಅವರ ಒಬ್ಬ ಮಗ ಎಡ್ವರ್ಡ್ ಅಪ್ಪನಂತೆ ಮಿಷನರಿಯಾದರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇನ್ನೊಬ್ಬ ಮಗ ಲೂಯಿಸ್ ಆ ದಾರಿ ಹಿಡಿಯಲಿಲ್ಲ. ಮೇಷ್ಟ್ರಾದರು, ಮೈಸೂರು ಸರ್ಕಾರದ ನೌಕರಿ ಮಾಡಿದರು, ಊರೂರು ಅಲೆದು ಸುಮಾರು 9000 ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದರು. ಇವತ್ತು ಕನ್ನಡದ ಚರಿತ್ರೆ ಬರೆಯುವವರೆಲ್ಲ ಅವರಿಗೆ ಋಣಿ. ಒಂದೇ ಮನೆಯ ಇಬ್ಬರು ಗಂಡುಮಕ್ಕಳು. ಅಪ್ಪನ ವೇದಿಕೆ ಹತ್ತಿದವನು ಮಾತ್ರ ಅಪ್ಪನ ಮಗ ಎಂದು ಯಾರು ಹೇಳುತ್ತಾರೆ? ನಿಮ್ಮ ಮಗ ನಾಳೆ ಸಭೆಯ ಹಿರಿಯನಾಗದೆ ಇರಬಹುದು. ನಿಮ್ಮಿಂದ ಸತ್ಯ ಹೇಳುವುದನ್ನು, ದುಡ್ಡಿನಲ್ಲಿ ಶುದ್ಧವಾಗಿರುವುದನ್ನು, ತಪ್ಪಾದಾಗ ಒಪ್ಪಿಕೊಳ್ಳುವುದನ್ನು ಕಲಿತರೆ ಅದು ಅವನ ಜೊತೆ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಎದುರು ಗುಂಪಿನ ಭಯಕ್ಕೆ ಹೆಚ್ಚು ಮಾತು ಬೇಡ. ಕರ್ತನ ಭೋಜನಕ್ಕೆ ನೀವೂ ಅವರೂ ಆಲ್ಟರಿನ ಒಂದೇ ಕಟಕಟೆಯ ಮುಂದೆ ಮೊಣಕಾಲೂರುತ್ತೀರಿ. ಅವರು ಬಂದರೆ ಸಭೆ ಮುಳುಗುತ್ತದೆ ಎಂದು ನಿಜವಾಗಿ ಅನ್ನಿಸಿದರೆ, ನಿಮ್ಮ 6 ವರ್ಷದಲ್ಲಿ ಇನ್ನೊಬ್ಬರನ್ನು ಯಾಕೆ ತಯಾರು ಮಾಡಲಿಲ್ಲ ಎಂದು ಯೋಚಿಸಿ. ಪೌಲನು ತಿಮೊಥೆಯನಿಗೆ, ನೀನು ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಇತರರಿಗೆ ಕಲಿಸಲಿ ಎಂದ. ನಿಮ್ಮ ಸಭೆಯಲ್ಲಿ ಮೂವತ್ತು ಮೂವತ್ತೈದರ ಒಬ್ಬ ಪ್ರಾಮಾಣಿಕ ತಮ್ಮನೋ ತಂಗಿಯೋ ಖಂಡಿತ ಇರುತ್ತಾರೆ. ಮಿನಿಟ್ಸ್ ಬರೆಯುವುದು, ಲೆಟರ್ ಹಾಕುವುದು, ಸಮಾಧಿ ಸ್ಥಳದ ಕಾಗದಪತ್ರ ಎಲ್ಲಿದೆ, ಎಲ್ಲ ತೋರಿಸಿಕೊಡಿ. ಯಾವ ಗುಂಪಿನವರು ಎಂದು ನೋಡಬೇಡಿ.

ಈ ವಾರ ಮೊದಲು ಹೆಂಡತಿಗೆ ಹೇಳಿ, ಆಮೇಲೆ ಸಭಾಪಾಲಕರನ್ನು ನೋಡಿ, ಕೊನೆಗೆ ನಿಮ್ಮ ಗುಂಪಿನವರಿಗೆ ತಿಳಿಸಿ. ಈ ಕ್ರಮ ತಪ್ಪಿಸಬೇಡಿ, ಗುಂಪಿನವರು ಮೊದಲು ಸಿಕ್ಕರೆ ನಿಮ್ಮ ಮನಸ್ಸು ಬದಲಾಯಿಸುತ್ತಾರೆ. ಕಾರಣ ಕೇಳಿದರೆ ಮನೆಗೆ ಸಮಯ ಬೇಕು ಎನ್ನಿ, ಮಗನ ಹೆಸರು ಎತ್ತಬೇಡಿ. ಅದು ಅವನ ವಿಷಯ, ಸಭೆಯ ಪ್ರಾರ್ಥನೆ ಪಟ್ಟಿಗೆ ಸೇರುವುದು ಅವನಿಗೆ ಬೇಕಿಲ್ಲ. ಹಾಲ್ ಕಟ್ಟಿದ ಲೆಕ್ಕವನ್ನು ಆಡಿಟ್ ಮಾಡಿಸಿ, ಬಿಲ್ಲುಗಳ ಫೈಲಿನ ಸಮೇತ ಹೊಸ ಕಮಿಟಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ತೆಗೆದುಕೊಳ್ಳಿ.