ಓದಿಸಿದ ಹುಡುಗಿ ದೇಶ ಬಿಟ್ಟರೆ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಆಫ್ರಿಕಾದ ಮಲಾವಿ ದೇಶದ ನರ್ಸಿಂಗ್ ವಿದ್ಯಾರ್ಥಿವೇತನಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನಿವೃತ್ತ ಶಿಕ್ಷಕಿಯೊಬ್ಬರು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ‘ಬ್ರಿಟನ್ನಿನಲ್ಲಿರುವ ನನ್ನ ಮಗಳು, ಅಳಿಯ ನಿಮ್ಮ ಲೇಖನ ಓದಿ ಮಲಾವಿಯ ಒಬ್ಬ ಹುಡುಗಿಯ ನರ್ಸಿಂಗ್ ಓದಿನ ಖರ್ಚು ವಹಿಸಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ನನಗೆ ಮೂರು ಅನುಮಾನಗಳಿವೆ. ಓದು ಮುಗಿದ ಮೇಲೆ ಆಕೆ ಬ್ರಿಟನ್ನಿಗೇ ಬಂದು ಕೆಲಸಕ್ಕೆ ಸೇರಿದರೆ ಇದು ತೂತು ಕೊಡಕ್ಕೆ ನೀರು ಹೊಯ್ದ ಹಾಗಾಗುವುದಿಲ್ಲವೇ? ಹಾಗಾಗದಂತೆ ಇಂತಿಷ್ಟು ವರ್ಷ ಊರಲ್ಲೇ ದುಡಿಯಬೇಕೆಂದು ಬಾಂಡ್ ಬರೆಸಿಕೊಂಡು ಸರ್ಟಿಫಿಕೇಟನ್ನು ಕಾಲೇಜಿನಲ್ಲೇ ಇಟ್ಟುಕೊಂಡರೆ ತಪ್ಪೇನು? ಅಷ್ಟಕ್ಕೂ ಕೊಡುವುದೇ ಆದರೆ ನರ್ಸಿಗೆ ಬದಲು ಡಾಕ್ಟರಿಗೆ ಕೊಡಬಾರದೇಕೆ?’

ಮಾನ್ಯರೇ, ನಮಸ್ಕಾರ.

ನಿಮ್ಮ ಮೊದಲ ಅನುಮಾನಕ್ಕೆ ಮಲಾವಿಯ ಚರಿತ್ರೆಯಲ್ಲೇ ಆಧಾರವಿದೆ. 1964ರಲ್ಲಿ ಸ್ವತಂತ್ರವಾದ ಆ ದೇಶಕ್ಕೆ ಸ್ವಂತ ವೈದ್ಯಕೀಯ ಕಾಲೇಜು ಬಂದದ್ದು 1991ರಲ್ಲಿ, ಬ್ಲಾಂಟೈರ್ ನಗರದಲ್ಲಿ. ಅಲ್ಲಿಯವರೆಗೆ ಡಾಕ್ಟರಾಗಬೇಕೆಂದವರು ಹೊರದೇಶಕ್ಕೆ, ಮುಖ್ಯವಾಗಿ ಬ್ರಿಟನ್ನಿಗೆ ಹೋಗಬೇಕಿತ್ತು. ಹೋದವರಲ್ಲಿ ಅನೇಕರು ಅಲ್ಲೇ ನೆಲೆಸಿದರು. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಹತ್ತೊಂಬತ್ತರ ಹುಡುಗನೊಬ್ಬ ಬೇರೊಂದು ದೇಶದಲ್ಲಿ ಐದಾರು ವರ್ಷ ಓದಿ, ಅಲ್ಲಿನ ಯಂತ್ರ, ಅಲ್ಲಿನ ಔಷಧಿ, ಅಲ್ಲಿನ ಸಂಬಳಕ್ಕೆ ಒಗ್ಗಿಕೊಂಡ ಮೇಲೆ ಅವನನ್ನು ಮರಳಿ ಕರೆಯುವ ಶಕ್ತಿ ಕಾಗದದ ಕರಾರಿಗೆ ಇರುವುದಿಲ್ಲ. ಹೊರಗೆ ಕಳಿಸಿ ಓದಿಸುವ ವಿದ್ಯಾರ್ಥಿವೇತನಕ್ಕೂ ಊರಲ್ಲೇ ಇರಿಸಿ ಓದಿಸುವ ವಿದ್ಯಾರ್ಥಿವೇತನಕ್ಕೂ ಅಜಗಜಾಂತರವಿದೆ. ನಿಮ್ಮ ಮಗಳು ಯೋಚಿಸುತ್ತಿರುವುದು ಎರಡನೆಯದನ್ನು. ಅದು ಒಳ್ಳೆಯ ಆಯ್ಕೆ.

ಈ ಶತಮಾನದ ಆರಂಭದಲ್ಲಿ ನರ್ಸುಗಳೂ ಹೊರಟರು. ಹೊರಟದ್ದೇಕೆ ಎಂಬುದನ್ನು ಮಾತ್ರ ಪೂರ್ತಿ ನೋಡಬೇಕು. ಏಡ್ಸ್ ಆಗ ಮಲಾವಿಯ ಮನೆಮನೆಯನ್ನೂ ಮುಟ್ಟಿತ್ತು. ವಾರ್ಡುಗಳಲ್ಲಿ ರೋಗಿಗಳು ನೆಲದ ಮೇಲೆ ಮಲಗುತ್ತಿದ್ದರು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇರುವುದು ಮಾಮೂಲಾಗಿತ್ತು. ಕೈಗವಸಿಗೂ ತತ್ವಾರ. ಆ ರೋಗ ನರ್ಸುಗಳನ್ನೂ ಬಿಡಲಿಲ್ಲ. ಮಲಾವಿಯ ಆಸ್ಪತ್ರೆಗಳು ಆ ವರ್ಷಗಳಲ್ಲಿ ವಲಸೆಯಿಂದ ಮಾತ್ರವಲ್ಲ, ಸಾವಿನಿಂದಲೂ ನರ್ಸುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಳೆದುಕೊಂಡವು. 2004ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಗಳಿಗೆ 984 ತಾಯಂದಿರು ಸಾಯುತ್ತಿದ್ದರು. ಅಂಥ ವಾರ್ಡನ್ನು ಬಿಟ್ಟು ಹೊರಟವಳನ್ನು ನಾನಂತೂ ದೂರಲಾರೆ.

ಆಮೇಲೆ ನಡೆದದ್ದನ್ನೂ ಹೇಳಲೇಬೇಕು, ಏಕೆಂದರೆ ಈ ಭಾಗ ನಮ್ಮ ಪತ್ರಿಕೆಗಳಲ್ಲಿ ಬರುವುದು ಅಪರೂಪ. 2004ರಲ್ಲಿ ಮಲಾವಿ ಸರ್ಕಾರ ಬ್ರಿಟನ್ ಮತ್ತಿತರ ದಾನಿಗಳ ನೆರವಿನಿಂದ ಆರೋಗ್ಯ ಸಿಬ್ಬಂದಿಗಾಗಿ ಆರು ವರ್ಷಗಳ ತುರ್ತು ಕಾರ್ಯಕ್ರಮವೊಂದನ್ನು ಹಮ್ಮಿಕೊಂಡಿತು. ನರ್ಸ್, ಕ್ಲಿನಿಕಲ್ ಆಫೀಸರ್ (ಡಾಕ್ಟರ್ ಪದವಿಯ ಬದಲು ಡಿಪ್ಲೊಮಾ ಓದಿ ಚಿಕಿತ್ಸೆ ಕೊಡುವವರು), ಡಾಕ್ಟರ್, ಪ್ರಯೋಗಾಲಯದ ತಂತ್ರಜ್ಞರು ಸೇರಿದಂತೆ ಹನ್ನೊಂದು ದರ್ಜೆಯ ನೌಕರರ ಸಂಬಳಕ್ಕೆ ಶೇ. 52ರಷ್ಟು ಹೆಚ್ಚುವರಿ ಮೊತ್ತ ಸೇರಿಸಿದರು. ಜೊತೆಜೊತೆಗೇ ತರಬೇತಿ ಕಾಲೇಜುಗಳ ಸೀಟು, ಹಾಸ್ಟೆಲ್, ತರಗತಿಗಳನ್ನು ಹೆಚ್ಚಿಸಿದರು. ಆ ದರ್ಜೆಗಳಲ್ಲಿ 2004ರಲ್ಲಿ 5,453 ಮಂದಿ ಇದ್ದರು. 2009ಕ್ಕೆ 8,369 ಆದರು. ತಾಯಂದಿರ ಮರಣ ಪ್ರಮಾಣ 2015–16ರ ಸಮೀಕ್ಷೆಯ ಹೊತ್ತಿಗೆ 439ಕ್ಕೆ ಇಳಿದಿತ್ತು. ಈ ಇಳಿಕೆಯಲ್ಲಿ ಏಡ್ಸ್ ಔಷಧಿಗಳ ಪಾಲೂ ಇದೆ, ಹೆರಿಗೆಗೆ ಆಸ್ಪತ್ರೆಗೇ ಹೋಗಬೇಕೆಂದು ಹಳ್ಳಿಯ ಮುಖಂಡರು ಹಿಡಿದ ಪಟ್ಟಿನ ಪಾಲೂ ಇದೆ. ಆದರೆ ಔಷಧಿ ಕೊಡಲು, ಹೆರಿಗೆ ಮಾಡಿಸಲು ಕೈಗಳು ಬೇಕಿದ್ದವು. ಓದಿಸುವುದು, ಓದಿದವರಿಗೆ ಬದುಕಲು ಸಾಕಾಗುವಷ್ಟು ಸಂಬಳ ಕೊಡುವುದು, ಇವೆರಡೂ ಒಟ್ಟಿಗೆ ನಡೆದಾಗ ಜನ ಉಳಿದರು. ನಿಮ್ಮ ಪತ್ರಕ್ಕೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಹಾಗಾದರೆ ನಷ್ಟ ಆಗುವುದು ಎಲ್ಲೆಲ್ಲಿ? ವಿಮಾನ ನಿಲ್ದಾಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೂ ಎಷ್ಟೋ ಮೊದಲು, ಪ್ರೌಢಶಾಲೆಯ ಹಂತದಲ್ಲಿ ಆಗುವ ನಷ್ಟ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಮಲಾವಿಯಲ್ಲಿ ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಶಿಕ್ಷಣ. 1994ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಯಿತು, ಮಕ್ಕಳು ಪ್ರವಾಹದಂತೆ ಶಾಲೆಗೆ ಬಂದರು. ಆದರೆ ಪ್ರೌಢಶಾಲೆಯ ಕೊನೆಯ ಪರೀಕ್ಷೆ ಮುಟ್ಟುವವರು ಅವರಲ್ಲಿ ಸ್ವಲ್ಪವೇ ಮಂದಿ, ಹುಡುಗಿಯರು ಇನ್ನೂ ಕಡಿಮೆ. ನರ್ಸಿಂಗ್ ಸೀಟು ಸಿಗಬೇಕಾದರೆ ಆ ಪರೀಕ್ಷೆಯಲ್ಲಿ ಜೀವಶಾಸ್ತ್ರ, ಗಣಿತ, ಇಂಗ್ಲಿಷಿನಲ್ಲಿ ಒಳ್ಳೆಯ ದರ್ಜೆ ಬೇಕು. ಹಳ್ಳಿಯ ಮಕ್ಕಳು ಹೋಗುವ ಸಮುದಾಯ ಪ್ರೌಢಶಾಲೆಗಳಲ್ಲಿ ಎಷ್ಟೋ ಕಡೆ ಪ್ರಯೋಗಾಲಯವೇ ಇಲ್ಲ. ಮದುವೆಯ ಕನಿಷ್ಠ ವಯಸ್ಸನ್ನು ಯಾವ ವಿನಾಯಿತಿಯೂ ಇಲ್ಲದೆ 18ಕ್ಕೆ ಏರಿಸಿ ಸಂವಿಧಾನ ತಿದ್ದಿದ್ದು 2017ರಲ್ಲಿ. ಕಾನೂನು ಬಂದ ಮಾತ್ರಕ್ಕೆ ಹದಿನಾರರ ಮದುವೆಗಳು ನಿಂತುಹೋಗಲಿಲ್ಲ. ಹೀಗೆ ಸೋಸಿ ಸೋಸಿ ಕಾಲೇಜಿನ ಬಾಗಿಲಿಗೆ ಬಂದು ನಿಲ್ಲುವವರಲ್ಲಿ ಪಟ್ಟಣದ, ಕೊಂಚ ಉಳ್ಳವರ ಮಕ್ಕಳೇ ಹೆಚ್ಚು. ಅವರಿಗೆ ವಿದ್ಯಾರ್ಥಿವೇತನ ಕೊಟ್ಟು, ಆಮೇಲೆ ಅವರು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನಿಲ್ಲುತ್ತಿಲ್ಲ ಎಂದು ಕೊರಗುತ್ತೇವೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಹಳ್ಳಿಯಲ್ಲಿ ಕೆಲಸ ಮಾಡುವ ಸಂಭವ ಹೆಚ್ಚು ಎಂಬುದು ಈ ಕ್ಷೇತ್ರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಮಾರ್ಗಸೂಚಿಯೂ ಗ್ರಾಮೀಣ ವಿದ್ಯಾರ್ಥಿಗಳ ಆಯ್ಕೆಗೆ ಒತ್ತು ಕೊಟ್ಟಿದೆ.

ಸೀಟು ಸಿಕ್ಕಮೇಲೆ ಫೀಸು ಕಟ್ಟಿದರೆ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಫೀಸು ಕಣ್ಣಿಗೆ ಕಾಣುವ ಖರ್ಚು. ಹುಡುಗಿ ಓದು ಬಿಡುವುದು ಹಲವು ಸಲ ಅದಕ್ಕಿಂತ ಚಿಕ್ಕದೊಂದು ಖರ್ಚಿನಿಂದ. ಸಮವಸ್ತ್ರ, ಬಿಳಿ ಶೂ, ನಾಡಿ ಎಣಿಸಲು ಸೆಕೆಂಡಿನ ಮುಳ್ಳಿರುವ ಗಡಿಯಾರ, ಪಠ್ಯಪುಸ್ತಕ, ರಜೆಯಲ್ಲಿ ಊರಿಗೆ ಹೋಗುವ ಬಸ್ಸಿನ ದುಡ್ಡು, ತಿಂಗಳ ಮುಟ್ಟಿನ ಪ್ಯಾಡು. ದೂರದ ಜಿಲ್ಲಾ ಆಸ್ಪತ್ರೆಗೆ ವಾರಗಟ್ಟಲೆ ತರಬೇತಿಗೆ ಹಾಕಿದಾಗ ಅಲ್ಲಿನ ಊಟ ವಸತಿ. ಕೊನೆಗೆ, ಓದು ಮುಗಿದರೂ ಮಲಾವಿಯ ನರ್ಸುಗಳ ಮತ್ತು ಸೂಲಗಿತ್ತಿಯರ ಮಂಡಳಿ ನಡೆಸುವ ಪರವಾನಗಿ ಪರೀಕ್ಷೆ ಪಾಸಾಗದೆ ಕೆಲಸ ಮಾಡುವಂತಿಲ್ಲ, ಅದಕ್ಕೂ ಶುಲ್ಕವಿದೆ. ಮೂರು ವರ್ಷ ಓದಿಸಿ ಈ ಕೊನೆಯ ಶುಲ್ಕವನ್ನು ಲೆಕ್ಕಕ್ಕೆ ಹಿಡಿಯದ ವಿದ್ಯಾರ್ಥಿವೇತನ ಅರ್ಧಂಬರ್ಧದ್ದು.

ಈಗ ಬಾಂಡಿನ ವಿಚಾರ. ಕರಾರೇ ಬೇಡ ಎಂದು ನಾನು ಹೇಳುವುದಿಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ಓದಿದವರು ಕೆಲವು ವರ್ಷ ಸಾರ್ವಜನಿಕ ಆಸ್ಪತ್ರೆಯಲ್ಲಿ ದುಡಿಯಬೇಕೆಂದು ಕೇಳುವುದು ನ್ಯಾಯವೇ. ಇಂಥ ಯೋಜನೆಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಪರಾಮರ್ಶೆಯೊಂದು 2009ರಲ್ಲಿ ಪ್ರಕಟವಾಯಿತು. ಸೇರಿದವರಲ್ಲಿ ಸುಮಾರು ಶೇ. 71ರಷ್ಟು ಮಂದಿ ಒಪ್ಪಿದ ಅವಧಿಯನ್ನು ಪೂರೈಸಿದ್ದರು ಎಂದು ಅದು ಲೆಕ್ಕ ಹಾಕಿತು. ಅದರಲ್ಲಿ ಹೆಚ್ಚಿನ ಯೋಜನೆಗಳು ಅಮೆರಿಕದವು ಎಂಬುದನ್ನು ನೆನಪಿಡಬೇಕು. ಬಡ ದೇಶದಲ್ಲಿ ನ್ಯಾಯಾಲಯಕ್ಕೆ ಎಳೆದು ಬಾಂಡಿನ ಹಣ ವಸೂಲಿ ಮಾಡುವ ವ್ಯವಸ್ಥೆ ದುರ್ಬಲ. ಹಣ ಕಟ್ಟಿ ಬಿಡಿಸಿಕೊಳ್ಳುವ ಶಕ್ತಿ ಇರುವವರು ಕಟ್ಟಿ ಹೋಗುತ್ತಾರೆ, ಇಲ್ಲದವರು ಮಾತ್ರ ಸಿಕ್ಕಿಬೀಳುತ್ತಾರೆ.

ಸರ್ಟಿಫಿಕೇಟ್ ಹಿಡಿದಿಟ್ಟುಕೊಳ್ಳುವುದನ್ನಂತೂ ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಇಪ್ಪತ್ತೆರಡರ ಹುಡುಗಿಯನ್ನು ಬಸ್ಸು ಹೋಗದ ಆರೋಗ್ಯ ಕೇಂದ್ರಕ್ಕೆ ಹಾಕಿದ್ದಾರೆ ಎಂದುಕೊಳ್ಳಿ. ಸಂಬಳ ಮೂರು ತಿಂಗಳಿಂದ ಬಂದಿಲ್ಲ. ಇರಲು ಕೊಟ್ಟ ಮನೆಗೆ ಚಿಲಕವಿಲ್ಲ. ಮೇಲಧಿಕಾರಿ ಸರಿಯಿಲ್ಲ. ಸರ್ಟಿಫಿಕೇಟ್ ತನ್ನ ಕೈಯಲ್ಲಿದ್ದರೆ ಆಕೆ ಬೇರೆ ಜಿಲ್ಲೆಗೆ ಅರ್ಜಿ ಹಾಕಬಲ್ಲಳು, ಕಡೇಪಕ್ಷ ದೂರು ಕೊಡುವ ಧೈರ್ಯ ಮಾಡಬಲ್ಲಳು. ಅದೂ ಇಲ್ಲದಿದ್ದರೆ ಏನು ಮಾಡಬೇಕು? ನೀವು ಎಷ್ಟೋ ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು. ನಿಮ್ಮ ವಿದ್ಯಾರ್ಥಿನಿಗೆ ಯಾರಾದರೂ ಹೀಗೆ ಮಾಡಿದರೆ ಮೊದಲು ಎದ್ದು ಕೇಳುವವರು ನೀವೇ ಎಂದು ನಿಮ್ಮ ಪತ್ರದ ಉಳಿದ ಭಾಗ ಓದಿದ ನನಗೆ ಅನ್ನಿಸಿದೆ.

ಕಟ್ಟಿಹಾಕದೆಯೂ ಉಳಿಸಿಕೊಳ್ಳಬಹುದು ಎಂಬುದಕ್ಕೆ ನನಗೆ ತುಂಬ ಮೆಚ್ಚುಗೆಯಾದ ಉದಾಹರಣೆ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಉತ್ತರದ ಅಂಚಿನಲ್ಲಿದೆ. ಇಂಗ್ವವುಮಾ ಎಂಬ ಊರಿನ ಮೋಸ್ವೋಲ್ಡ್ ಆಸ್ಪತ್ರೆಗೆ ಡಾಕ್ಟರುಗಳು ಬಂದರೂ ನಿಲ್ಲುತ್ತಿರಲಿಲ್ಲ. ಹೊರಗಿನವರಿಗೆ ಕಾದು ಕೂರುವ ಬದಲು ಸುತ್ತಲಿನ ಶಾಲೆಗಳ ಮಕ್ಕಳನ್ನೇ ಓದಿಸೋಣ ಎಂದು ಅಲ್ಲಿ ಕೆಲಸ ಮಾಡುತ್ತಿದ್ದ ಡಾ. ಆಂಡ್ರ್ಯೂ ರಾಸ್ ಮತ್ತು ಸಂಗಡಿಗರು ನಿರ್ಧರಿಸಿದರು. 1999ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಶುರುವಾದ ಆ ಯೋಜನೆ ಮುಂದೆ ಉಮ್ತೊಂಬೊ ಯುವ ಅಭಿವೃದ್ಧಿ ಪ್ರತಿಷ್ಠಾನವಾಗಿ ಬೆಳೆಯಿತು. ಅಲ್ಲಿ ಅರ್ಜಿ ಹಾಕುವವರು ಮೊದಲು ತಮ್ಮ ಊರಿನ ಆಸ್ಪತ್ರೆಯಲ್ಲಿ ಕೆಲವು ದಿನ ಸ್ವಯಂಸೇವೆ ಮಾಡಬೇಕು. ಆಯ್ಕೆಯಲ್ಲಿ ಆ ಆಸ್ಪತ್ರೆಯವರ, ಊರಿನವರ ಮಾತು ನಡೆಯುತ್ತದೆ. ರಜೆ ಬಂದಾಗ ವಿದ್ಯಾರ್ಥಿ ಅದೇ ಆಸ್ಪತ್ರೆಗೆ ಬಂದು ಕೆಲಸ ಮಾಡುತ್ತಾರೆ. ಒಂದು ವರ್ಷ ನೆರವು ಪಡೆದರೆ ಒಂದು ವರ್ಷ ಸೇವೆ ಎಂಬ ಕರಾರೂ ಇದೆ.

ಇಷ್ಟೂ ಒಳ್ಳೆಯದೇ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಓದಿನ ವರ್ಷಗಳಲ್ಲಿ ಅವರು ವಿದ್ಯಾರ್ಥಿಯ ಬೆನ್ನಿಗೆ ನಿಲ್ಲುವ ರೀತಿ. ಹಳ್ಳಿಯ ಶಾಲೆಯಲ್ಲಿ ಮೊದಲ ಸ್ಥಾನ ಪಡೆದವರು ವಿಶ್ವವಿದ್ಯಾಲಯದ ಮೊದಲ ಪರೀಕ್ಷೆಯಲ್ಲಿ ಫೇಲಾಗಿ ಕುಗ್ಗಿಹೋಗುತ್ತಾರೆ, ಅದನ್ನು ಮನೆಗೆ ಹೇಳಲಾಗದೆ ಒಳಗೇ ಬೇಯುತ್ತಾರೆ. ಉಮ್ತೊಂಬೊ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿ ನಿಯತವಾಗಿ ಭೇಟಿಯಾಗುವಂತೆ ನೋಡಿಕೊಳ್ಳುತ್ತದೆ. ಅಂಕಗಳ ಜೊತೆಗೆ ನಿದ್ದೆ, ಊಟ, ಮನೆಯ ತಾಪತ್ರಯ ಎಲ್ಲವೂ ಆ ಮಾತುಕತೆಯಲ್ಲಿ ಬರುತ್ತವೆ. ಅಲ್ಲಿನ ಹಳ್ಳಿಗಳಿಂದ ಈವರೆಗೆ ನೂರಾರು ಮಂದಿ ಡಾಕ್ಟರು, ನರ್ಸು, ಫಾರ್ಮಸಿಸ್ಟು, ಫಿಸಿಯೋಥೆರಪಿಸ್ಟುಗಳಾಗಿದ್ದಾರೆ. ಮಲಾವಿಯಲ್ಲಿ ಸಹಾಯ ಮಾಡಹೊರಟವರು ಈ ಮಾದರಿಯನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಮಾರ್ಗದರ್ಶಕರಿಗೆ ತಗಲುವ ಹಣವನ್ನು ‘ಆಡಳಿತ ವೆಚ್ಚ’ ಎಂದು ಮೂಗು ಮುರಿಯುವ ದಾನಿಗಳಿಗೆ ನಾನು ಹೇಳುವುದಿಷ್ಟೇ: ದಯವಿಟ್ಟು ಅದನ್ನು ಕಡಿಯಬೇಡಿ.

ಇನ್ನೊಂದು ನಷ್ಟವಿದೆ, ಅದು ಎಲ್ಲಕ್ಕಿಂತ ನೋವಿನದು. ಓದಿ, ಪರವಾನಗಿ ಪಡೆದು, ಊರಲ್ಲೇ ಕೆಲಸ ಮಾಡುತ್ತೇನೆಂದು ನಿಂತವರಿಗೆ ಕೆಲಸವೇ ಇಲ್ಲದಿರುವುದು. 2013ರಲ್ಲಿ ಮಲಾವಿ ಸರ್ಕಾರದ ಖಜಾನೆಯಿಂದ ಹಣ ಲೂಟಿಯಾದ ದೊಡ್ಡ ಹಗರಣ ಬಯಲಾಯಿತು. ದಾನಿ ದೇಶಗಳು ಬಜೆಟ್ಟಿಗೆ ಕೊಡುತ್ತಿದ್ದ ನೆರವು ನಿಲ್ಲಿಸಿದವು. ಸಂಬಳದ ಬಾಬ್ತಿಗೆ ಮಿತಿ ಬಿತ್ತು. ಅದರ ಮುಂದಿನ ವರ್ಷಗಳಲ್ಲಿ ವಾರ್ಡುಗಳ ಒಳಗೆ ಹುದ್ದೆಗಳು ಖಾಲಿ, ವಾರ್ಡುಗಳ ಹೊರಗೆ ಓದು ಮುಗಿಸಿದ ನರ್ಸುಗಳು ಖಾಲಿ ಕೈ, ಹೀಗೆ ಎರಡೂ ಒಟ್ಟಿಗೆ ಕಂಡವು. ಕೆಲಸ ಕೊಡದೆ ಮನೆಯಲ್ಲಿ ಕೂರಿಸಿದ ದೇಶವನ್ನು ಅವಳು ಬಿಟ್ಟುಹೋದರೆ ಅದಕ್ಕೆ ಅವಳನ್ನು ಹೊಣೆ ಮಾಡುವುದು ಅನ್ಯಾಯ. ವಿದೇಶಕ್ಕೆ ಹೋಗುವ ಹಕ್ಕು ಎಲ್ಲರಂತೆ ಅವಳಿಗೂ ಇದೆ. 2010ರ ವಿಶ್ವ ಆರೋಗ್ಯ ಸಂಸ್ಥೆಯ ನೇಮಕಾತಿ ಸಂಹಿತೆಯೂ ವ್ಯಕ್ತಿಯ ಆ ಹಕ್ಕನ್ನು ಒಪ್ಪಿಕೊಂಡೇ, ತೀವ್ರ ಕೊರತೆಯಿರುವ ದೇಶಗಳಿಂದ ಶ್ರೀಮಂತ ದೇಶಗಳು ಮೈಮೇಲೆ ಬಿದ್ದು ಸಿಬ್ಬಂದಿಯನ್ನು ಸೆಳೆಯಬಾರದು ಎನ್ನುತ್ತದೆ. ಅಂಥ ದೇಶಗಳ ಪಟ್ಟಿಯಲ್ಲಿ ಮಲಾವಿ ಇದೆ.

ಡಾಕ್ಟರಿಗೇಕೆ ಕೊಡಬಾರದು ಎಂದಿರಿ. ಕೊಡಬಹುದು. ಆದರೆ ಮಲಾವಿಯ ಜಿಲ್ಲಾ ಆಸ್ಪತ್ರೆಗಳು ನಡೆಯುವುದು ಡಾಕ್ಟರುಗಳಿಂದಲ್ಲ. ಮೂರು ವರ್ಷದ ಡಿಪ್ಲೊಮಾ, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿದ ಕ್ಲಿನಿಕಲ್ ಆಫೀಸರುಗಳು ಅಲ್ಲಿ ಸಿಸೇರಿಯನ್ ಕೂಡ ಮಾಡುತ್ತಾರೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆರಿಗೆಯ ದೊಡ್ಡ ತುರ್ತು ಶಸ್ತ್ರಚಿಕಿತ್ಸೆಗಳಲ್ಲಿ ಶೇ. 88ರಷ್ಟನ್ನು ಮಾಡಿದವರು ಇವರೇ, ಫಲಿತಾಂಶವೂ ಡಾಕ್ಟರುಗಳದ್ದಕ್ಕೆ ಸಾಟಿಯಾಗಿತ್ತು. ಅವರ ಡಿಪ್ಲೊಮಾಕ್ಕೆ ಹೊರದೇಶಗಳಲ್ಲಿ ಮಾನ್ಯತೆ ಇಲ್ಲದ್ದರಿಂದ ಬಹುಪಾಲು ಅಲ್ಲೇ ಉಳಿಯುತ್ತಾರೆ. ಒಬ್ಬ ಡಾಕ್ಟರನ್ನು ತಯಾರು ಮಾಡುವ ಹಣದಲ್ಲಿ ಹಲವರು ನರ್ಸು, ಕ್ಲಿನಿಕಲ್ ಆಫೀಸರುಗಳು ಓದಬಹುದು. ನನ್ನ ಆಯ್ಕೆ ಅವರೇ.

ನಿಮ್ಮ ಮಗಳು, ಅಳಿಯ ಯಾವ ಸಂಸ್ಥೆಯ ಮೂಲಕ ಕೊಡಲು ಹೊರಟಿದ್ದಾರೋ ಆ ಸಂಸ್ಥೆಯನ್ನು ಕೆಲವು ವಿಚಾರ ಕೇಳಲಿ. ವಿದ್ಯಾರ್ಥಿನಿಯನ್ನು ಆರಿಸುವವರು ಯಾರು, ಹಳ್ಳಿಯ ಶಾಲೆಗಳಿಂದ ಎಷ್ಟು ಮಂದಿ ಬಂದಿದ್ದಾರೆ? ಒಂದು ಪರೀಕ್ಷೆಯಲ್ಲಿ ಫೇಲಾದರೆ ನೆರವು ನಿಲ್ಲುತ್ತದೆಯೋ, ಇಲ್ಲವೇ ಪಾಠ ಹೇಳಿಕೊಡಲು ಯಾರಾದರೂ ಇದ್ದಾರೋ? ಮಗುವಾದರೆ ಮರಳಿ ಓದಲು ಬಿಡುತ್ತಾರೆಯೇ? ಪರವಾನಗಿ ಪರೀಕ್ಷೆಯ ಶುಲ್ಕ ಸೇರಿದೆಯೇ? ಓದು ಮುಗಿಸಿದ ಹಿಂದಿನ ತಂಡಗಳಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಕೆಲಸ ಸಿಗುವವರೆಗೆ ಸಂಸ್ಥೆ ಏನು ಮಾಡುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆ ಸಂಸ್ಥೆ ಹುಡುಕಲಿ. ಹುಡುಗಿಯ ಫೋಟೊ, ತಿಂಗಳಿಗೊಂದು ಕೃತಜ್ಞತೆಯ ಪತ್ರ ಕೇಳದಿರಲಿ, ಓದುವವಳಿಗೆ ಅದು ಹೊರೆ. ಮೊದಲ ವರ್ಷ ದೊಡ್ಡ ಮೊತ್ತ ಕೊಟ್ಟು ಎರಡನೆಯ ವರ್ಷ ಕೈಬಿಡುವುದಕ್ಕಿಂತ, ಮೂರೂ ವರ್ಷ ತಪ್ಪದೆ ಕೊಡಲಾಗುವಷ್ಟನ್ನೇ ಒಪ್ಪಿಕೊಂಡು ಅದನ್ನು ಬರಹದಲ್ಲಿ ಕೊಡಲಿ.

— ಸಂಪಾದಕ