ಮಗ್ ಮೇಲೆ ವಿನೈಲ್ ಹೆಸರು ಅಂಟಿಸಿ ಗಿಫ್ಟ್ ಮಾರಬೇಕು, ಕೊಡಗಿನಲ್ಲಿದ್ದೇನೆ. ಯಾವ ಕಟಿಂಗ್ ಮಷೀನ್ ಕೊಳ್ಳಲಿ?

ವಿನೈಲ್ ಅಂದರೆ ಹಿಂದೆ ಗೋಂದಿರುವ ತೆಳು ಪ್ಲಾಸ್ಟಿಕ್ ಹಾಳೆ. ಅದನ್ನು ಅಕ್ಷರದ ಆಕಾರಕ್ಕೆ ಕೊಯ್ಯುವ ಮಷೀನ್‌ಗಳಲ್ಲಿ ಕ್ರಿಕಟ್ಟಾ, ಸಿಲೂಯೆಟ್ಟಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ತಿಂಗಳು ಯೂಟ್ಯೂಬ್ ನೋಡಿದೆ. ಕೊನೆಗೆ ಬೆಂಗಳೂರಿನಲ್ಲಿ ಒಬ್ಬರು ಮಾರುತ್ತಿದ್ದ ಹಳೇ ಮಷೀನ್ ತಂದೆ. ಕಲಿಯಬೇಕಾಗಿದ್ದು ಬೇರೆಯೇ ಇತ್ತು, ಅದನ್ನು 48 ಮಗ್‌ಗಳು ಕಲಿಸಿದವು.

ನಮ್ಮ ಮನೆ ನಾಪೋಕ್ಲು ಹತ್ತಿರ. ಆಗಸ್ಟ್ 15ರ ರಜೆಗೆ ಒಂದು ಹೋಂಸ್ಟೇಗೆ ಬೆಂಗಳೂರಿನಿಂದ ದೊಡ್ಡ ಕುಟುಂಬ ಬರುವುದಿತ್ತು, 48 ಜನ. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಕಾಫಿ ಮಗ್, ಒಂದಕ್ಕೆ 280 ರೂಪಾಯಿ. ಶುರು ಮಾಡಿ ಎರಡು ತಿಂಗಳಾಗಿತ್ತು ಅಷ್ಟೇ, ಕುಣಿದುಬಿಟ್ಟೆ.

ಕಟಿಂಗ್ ಚೆನ್ನಾಗೇ ಆಯಿತು. ಬ್ಲೇಡ್ ವಿನೈಲನ್ನು ಮಾತ್ರ ಕೊಯ್ಯಬೇಕು, ಕೆಳಗಿನ ಕಾಗದಕ್ಕೆ ತಾಗಬಾರದು. ಅದು ಸರಿಯಾಗಿ ಬಂತು. ಆಮೇಲೆ ಬೇಡದ ಭಾಗವನ್ನು ಕೊಕ್ಕೆಯಿಂದ ಎತ್ತಿ ತೆಗೆಯುವುದು. ಇದಕ್ಕೆ ವೀಡಿಂಗ್ ಅಂತಾರೆ, ಅಂದರೆ ಕಳೆ ಕೀಳುವುದು. ತೋಟದಲ್ಲಿ ತಪ್ಪಿಸಿಕೊಂಡಿದ್ದು ಇಲ್ಲಿ ಬಂದು ಹಿಡಿಯಿತು. ಎರಡು ರಾತ್ರಿ ಅದೇ ಕೆಲಸ.

13ರ ರಾತ್ರಿ ಅಂಟಿಸಲು ಕೂತೆ. ಎಡವಿದ್ದು ಇಲ್ಲೇ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮಗ್‌ಗಳ ಪೆಟ್ಟಿಗೆ ಇಡೀ ದಿನ ಜೀಪಿನಲ್ಲೇ ಇತ್ತು. ಹೊರಗೆ ಬಿಡದೆ ಮಳೆ. ಮುಟ್ಟಿದರೆ ಬೆರಳು ಕೊರೆಯುವಷ್ಟು ತಣ್ಣಗಿದ್ದವು. ಚಳಿ ಅಂತ ನಾನು ಕೂತಿದ್ದು ಅಡಿಗೆಮನೆಯಲ್ಲಿ, ಒಲೆ ಪಕ್ಕ. ಒಲೆ ಮೇಲೆ ಅಮ್ಮ ಕಡುಂಬುಟ್ಟು ಬೇಯಲು ಇಟ್ಟಿದ್ದರು, ಪಾತ್ರೆಯಿಂದ ಆವಿ ಏಳುತ್ತಿತ್ತು. ತಣ್ಣನೆಯ ಪಿಂಗಾಣಿ ಆವಿ ತುಂಬಿದ ಬೆಚ್ಚಗಿನ ಕೋಣೆಗೆ ಬಂದರೆ ಏನಾಗುತ್ತೆ? ಮೈಮೇಲೆ ಇಬ್ಬನಿ ಕೂರುತ್ತದೆ. ಕನ್ನಡಕ ಹಾಕುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಳಿ ಮಗ್ ಮೇಲೆ ಮಾತ್ರ ಅದು ಕಾಣುವುದಿಲ್ಲ. ನಾನೂ ಒರೆಸಿದೆ ಅನ್ನಿ. ಆದರೆ ಒರೆಸಿದ್ದು ಒಲೆ ಮೇಲೆ ನೇತುಹಾಕಿದ್ದ ಬಟ್ಟೆಯಲ್ಲಿ, ಒಣಗಿದೆ ಅಂತ. ಹೊಗೆಯ ಜಿಡ್ಡೆಲ್ಲ ಅದರಲ್ಲಿತ್ತು. ಒರೆಸಿಟ್ಟ ಮೇಲೂ ಇಬ್ಬನಿ ಮತ್ತೆ ಕೂರುತ್ತಲೇ ಇತ್ತು.

ವಿನೈಲ್ ಹಿಂದಿನ ಗೋಂದು ಮರಗೆಲಸದ ಅಂಟಿನ ಹಾಗೆ ಒಣಗಿ ಗಟ್ಟಿಯಾಗುವಂಥದ್ದಲ್ಲ. ಒತ್ತಿದಾಗ ಅದು ನಿಧಾನಕ್ಕೆ ಹರಡಿ, ಕಣ್ಣಿಗೆ ಕಾಣದ ತಗ್ಗುಗಳಿಗೆಲ್ಲ ಇಳಿದು ಕಚ್ಚಿಕೊಳ್ಳುತ್ತದೆ. ಪೂರ್ತಿ ಹಿಡಿಯಲು ಒಂದರಿಂದ ಮೂರು ದಿನ ಬೇಕು. ನನ್ನ ಗೋಂದು ಹಿಡಿದುಕೊಂಡಿದ್ದು ಮಗ್ಗನ್ನಲ್ಲ, ನೀರನ್ನು. ಅದಕ್ಕೂ ಕೊಟ್ಟ ಸಮಯ ಒಂದೇ ರಾತ್ರಿ. 14ಕ್ಕೆ ಒಪ್ಪಿಸಿಬಿಟ್ಟೆ.

15ರ ಬೆಳಿಗ್ಗೆ ಕಾಫಿ ಕೊಟ್ಟು, ಬಿಸಿನೀರಿನಲ್ಲಿ ತೊಳೆದಿದ್ದಾರೆ. ಮೊದಲು ಎದ್ದು ಬಂದಿದ್ದು ಒತ್ತಕ್ಷರಗಳು. ತುಂಡು ಚಿಕ್ಕದು, ಅಂಟಿನ ಜಾಗ ಕಡಿಮೆ, ಅಲ್ವಾ? ಮನೆಯ ಹಿರಿಯರ ಮಗ್ ಮೇಲೆ 'ಅಜ್ಜಯ್ಯ' ಅಂತ ಹಾಕಿದ್ದೆ. ಎರಡು ಒತ್ತೂ ಸಿಂಕಿಗೆ ಹೋಗಿ ಅದು 'ಅಜಯ' ಆಗಿತ್ತು. ಮಧ್ಯಾಹ್ನ ಅವರು ಕನ್ನಡಕ ಏರಿಸಿ ನೋಡಿ, 'ಯಾರಪ್ಪ ಈ ಅಜಯ, ಕರೀರಿ ಅವನನ್ನ' ಅಂದರಂತೆ. ಅವರೆಲ್ಲ ನಕ್ಕರು, ನಾನು 13,440 ರೂಪಾಯಿ ವಾಪಸ್ ಕೊಟ್ಟೆ.

ಈಗ ಹೀಗೆ ಮಾಡುತ್ತೇನೆ: ಸಾಮಾನು ಹಿಂದಿನ ದಿನವೇ ಒಣ ಕೋಣೆಗೆ ಬರಬೇಕು. ಅಂಟಿಸುವ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ಪೂರ್ತಿ ಆರಲು ಬಿಡುತ್ತೇನೆ. ಆಮೇಲೆ ಆ ಜಾಗಕ್ಕೆ ಬೆರಳು ತಾಗಿಸುವುದಿಲ್ಲ. ಅಂಟಿಸಿ ಮೂರು ದಿನ ಆಗದೆ ಯಾರಿಗೂ ಕೊಡುವುದಿಲ್ಲ, ಎಷ್ಟೇ ಅರ್ಜೆಂಟ್ ಇರಲಿ. ಮನೆಯೊಳಗೆ ಅಂಟಿಸುವ ವಿನೈಲ್ ಬೇರೆ, ಹೊರಗೆ ಬಾಳುವುದು ಬೇರೆ. ಒರಾಕಲ್ ಬ್ರ್ಯಾಂಡಿನ ವಿನೈಲ್‌ನಲ್ಲಿ 631 ಕಿತ್ತರೆ ಬರುವಂಥದ್ದು, ಗೋಡೆಗೆ ಸರಿ. 651 ಕೊಳ್ಳಿ.

ಇನ್ನೊಂದು ತಲೆನೋವು ಕನ್ನಡ ಅಕ್ಷರ. ಮಷೀನ್ ಜೊತೆ ಬಂದ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಟೈಪ್ ಮಾಡಿದರೆ ನನಗೆ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತಿತ್ತು. ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಯೂನಿಕೋಡ್‌ನಲ್ಲಿ ಅಲ್ಲಿ ಬರೆಯಿರಿ, 'ಆಬ್ಜೆಕ್ಟ್ ಟು ಪಾತ್' ಮಾಡಿ, ಆಮೇಲೆ 'ಯೂನಿಯನ್' ಒತ್ತಿ, ಎಸ್‌ವಿಜಿ ಫೈಲ್ ಮಾಡಿ ತನ್ನಿ. ಯೂನಿಯನ್ ಮರೆತರೆ ಅಕ್ಷರ ಒಂದರ ಮೇಲೊಂದು ಬಂದ ಕಡೆಯೆಲ್ಲ ಬ್ಲೇಡ್ ಸುಮ್ನೆ ಗೀರುತ್ತದೆ. ಫಾಂಟ್ ದಪ್ಪಗಿರಲಿ. 'ಬಾಲೂ ತಮ್ಮ' ಅನ್ನುವ ಫಾಂಟ್ ನನಗಿಷ್ಟ. ತೆಳು ಗೆರೆಯ ಚಂದದ ಫಾಂಟೆಲ್ಲ ಕಳೆ ಕೀಳುವಾಗ ಹರಿದುಹೋಗುತ್ತವೆ.

ನಿಜ ಹೇಳಬೇಕಂದ್ರೆ ಮಗ್‌ಗೆ ವಿನೈಲೇ ಬೇಡ. ದಿನಾ ತೊಳೆಯುವ ಸಾಮಾನಿಗೆ ಸಬ್ಲಿಮೇಷನ್ ವಾಸಿ. ಅದರಲ್ಲಿ ಬಣ್ಣ ಮಗ್‌ನ ಲೇಪದೊಳಕ್ಕೇ ಇಳಿಯುತ್ತದೆ, ಏಳಲು ಅಂಚೇ ಇರುವುದಿಲ್ಲ. ವಿನೈಲ್‌ಗೆ ನಮ್ಮಲ್ಲಿ ಬೇರೆ ದಾರಿ ಇದೆ. ಹೋಂಸ್ಟೇ ರೂಮಿನ ಬೋರ್ಡು, ಜೇನಿನ ಬಾಟಲಿ, ಮನೆ ವೈನ್ ಬಾಟಲಿ. ಎಲ್ಲಕ್ಕಿಂತ ಮಿಗಿಲು ಟೀ ಶರ್ಟ್. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಗಿದ್ದು, ಈಗ 300ಕ್ಕಿಂತ ಜಾಸ್ತಿ ತಂಡ ಬರುತ್ತವೆ. ಪ್ರತಿ ತಂಡಕ್ಕೂ ಒಂದು ಮನೆಹೆಸರು. ಆಡುವವರಿಗೆ ಜೆರ್ಸಿ ಎಲ್ಲಿಂದಲೋ ಬಂದಿರುತ್ತದೆ. ಗ್ಯಾಲರಿಯಲ್ಲಿ ಕೂತು ಕೂಗುವ ಅಕ್ಕತಂಗಿಯರು, ಮಕ್ಕಳು ಇದ್ದಾರಲ್ಲ, ಅವರನ್ನು ಕೇಳಿ. ಬೇಸಿಗೆ ಕೆಲಸ, ಇಬ್ಬನಿ ಕಾಟವೂ ಇಲ್ಲ. ಟೀ ಶರ್ಟ್‌ಗೆ ಶಾಖ ಕೊಟ್ಟು ಅಂಟಿಸುವ ವಿನೈಲ್ ಬೇಕು. ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕಟ್ ಮಾಡಲು ಮಾತ್ರ ಮರೆಯಬೇಡಿ.

ಮಷೀನ್? ಎರಡರಲ್ಲಿ ಯಾವುದಾದರೂ ಆದೀತು. ಆದರೆ ಈಗಲೇ ಬೇಡ. ಬೈಕಿಗೆ ಸ್ಟಿಕ್ಕರ್ ಹಾಕುವ ಅಂಗಡಿಯಲ್ಲಿರುವ ಪ್ಲಾಟರ್ ಕೂಡ ಇದೇ ಜಾತಿಯದು. ಎಸ್‌ವಿಜಿ ಕೊಟ್ಟು ಹತ್ತು ಹೆಸರು ಕಟ್ ಮಾಡಿಸಿ ತನ್ನಿ. ನಿಮ್ಮ ಮನೆಯ ಲೋಟ, ಬಾಟಲಿ, ಬಾಗಿಲಿಗೆ ಅಂಟಿಸಿ, ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ಬಳಸಿ. ಕಾವೇರಿ ಸಂಕ್ರಮಣದ ಹೊತ್ತಿಗೆ ಎಷ್ಟು ಒತ್ತಕ್ಷರ ಉಳಿದಿವೆ ಎಣಿಸಿ, ಆಮೇಲೆ ಮಷೀನ್ ವಿಚಾರ ಮಾತಾಡೋಣ.